ಹಲ್ಲಿನ ಡಾಕ್ಟರರ ಧೂಮಶಕಟ

ಹಲ್ಲಿನ ಡಾಕ್ಟರರ ದೂರು ಬಹಳ ಹಳೆಯದು. ಬೆಳಗಿನಿಂದ ಸಂಜೆಯವರೆಗೆ ಅವರ ಕುರ್ಚಿಯಲ್ಲಿ ಜನ ಬಾಯಿ ತೆರೆದುಕೊಂಡು ಕೂರುತ್ತಾರೆ, ಒಬ್ಬರೂ ಎದುರು ಮಾತಾಡುವುದಿಲ್ಲ. ಮನೆಗೆ ಬಂದರೆ ಬಾಯಿ ತೆರೆಯುವ ಅವಕಾಶ ಅವರಿಗೇ ಇಲ್ಲ. ಹೆಂಡತಿ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಗಂಡ ಹೋದ ವರ್ಷ ಆಡಿದ ಮಾತನ್ನು ವಾರ, ಗಂಟೆ, ನಡುವೆ ಕೆಮ್ಮಿದ ಕೆಮ್ಮಿನ ಸಮೇತ ಒಪ್ಪಿಸಬಲ್ಲವರು. ಇನ್ನು ಅತ್ತೆ, ಎಂದರೆ ಹೆಂಡತಿಯ ತಾಯಿ, ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇಥಿನ ಮುಂದೆ ನಿಂತು ಗಾಲಿ ಕಡೆದು ನಿವೃತ್ತರಾದವರು. (ಆ ಸದ್ದಿನಲ್ಲಿ ಮಾತಾಡಿ ಉಪಯೋಗವಿಲ್ಲವೆಂದು ಅಲ್ಲೇ ಕಲಿತುಬಿಟ್ಟಿದ್ದರು.) ಮಗಳ ಮನೆಗೆ ಬಂದು ನಾಲ್ಕು ವರ್ಷವಾಗಿದ್ದರೂ ಅತ್ತೆ ಅಳಿಯನ ಸಂಭಾಷಣೆ "ಊಟ ಆಯ್ತಾ?" "ಆಯ್ತು" ಎಂಬುದನ್ನು ದಾಟಿ ಮುಂದಿನ ಸ್ಟೇಷನ್ ಮುಟ್ಟಿರಲಿಲ್ಲ.

ಹೀಗಿರುವಾಗ ದವಡೆ ಹಲ್ಲು ತೋರಿಸಲು ಬಂದ ಬೇಕರಿಯವರೊಬ್ಬರು ಮರಗಟ್ಟಿದ ತುಟಿಯಲ್ಲೇ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಆಟಿಕೆ ಇಟ್ಟಿಗೆಗಳನ್ನೇ ಜೋಡಿಸಿ ಕಟ್ಟಿದ ರೈಲು! ಹೊಗೆ ಕೊಳವೆ, ಕಿಟಕಿ, ಕಿಟಕಿಯಲ್ಲಿ ಹೆಬ್ಬೆರಳುದ್ದದ ಡ್ರೈವರು. ಬೇಕರಿಯವರು ಇಂಥ ರೈಲು ಕಟ್ಟುವವರ ಸಂಘದ ಅಧ್ಯಕ್ಷರಂತೆ. ಡಾಕ್ಟರು ಚಿತ್ರ ನೋಡುತ್ತಾ ನಿಂತುಬಿಟ್ಟರು. ಹಲ್ಲು ಇನ್ನೊಂದು ಕಾಲು ಗಂಟೆ ಕಾಯಿತು.

ಮಾರನೆಯ ದಿನವೇ ಊಟದ ಮೇಜಿನ ಮೇಲೆ ದೊಡ್ಡದೊಂದು ಡಬ್ಬಿ ಪ್ರತ್ಯಕ್ಷವಾಯಿತು.

"ರೀ, ಇದರ ಮೇಲೆ ಎಂಟು ವರ್ಷ ಮೇಲ್ಪಟ್ಟವರಿಗೆ ಅಂತ ಬರ್ದಿದೆ," ಎಂದರು ಹೆಂಡತಿ.

"ನಂಗೆ ನಲವತ್ತಾರು. ಎಲ್ಲಾ ಅರ್ಹತೆನೂ ಇದೆ."

"ವಯಸ್ಸಿಗೆ ಇದೆ. ಬುದ್ಧಿಗೆ ಇನ್ನೂ ಎರಡು ವರ್ಷ ಕಾಯ್ಬೇಕೇನೋ."

ಡಾಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಿಕೆಯಲ್ಲಿದ್ದ ಚಿತ್ರ ನೋಡಿ ಒಂದು ಇಟ್ಟಿಗೆಯ ಮೇಲೆ ಇನ್ನೊಂದನ್ನು ಒತ್ತಿದರು. ಟಿಕ್! ಕಚ್ಚಿಕೊಂಡಿತು. ಇಪ್ಪತ್ತು ವರ್ಷದಿಂದ ಜನರಿಗೆ ಹಲ್ಲು ಕಟ್ಟುತ್ತಾ ಬಂದವರು ಅವರು. ಹೀಗೆ ಮೊದಲ ಸಲಕ್ಕೇ, ಉಜ್ಜದೆ, ಕೊರೆಯದೆ, ಯಾರೂ "ಆ" ಎನ್ನದೆ ಸರಿಯಾಗಿ ಕಚ್ಚಿದ್ದನ್ನು ಕಂಡದ್ದು ಇದೇ ಮೊದಲು. ಅವರ ಕಣ್ಣು ಒದ್ದೆಯಾಯಿತು.

ಮೂರು ಸಂಜೆಯಲ್ಲಿ ರೈಲು ತಯಾರಾಯಿತು. ಬ್ಯಾಟರಿ ಹಾಕಿ ಗುಂಡಿ ಒತ್ತಿದರೆ ಸೋಫಾದ ಸುತ್ತ ಗರಗರನೆ ಸುತ್ತಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಡಾಕ್ಟರಿಗೆ ಪುಸ್ತಿಕೆ ನೋಡಿ ಕಟ್ಟುವುದು ಕಾಪಿ ಹೊಡೆದು ಪಾಸಾದಂತೆ ಅನ್ನಿಸಿತು. ಸ್ವಂತ ವಿನ್ಯಾಸದ್ದೇ ಬೇಕು! ಆರು ದೊಡ್ಡ ಗಾಲಿಗಳ, ಕಪ್ಪು ಮೈಯ, ಘನತೆವೆತ್ತ ಧೂಮಶಕಟ! ಬಿಡಿ ಇಟ್ಟಿಗೆಗಳ ಚೀಲಗಳು ಬಂದವು. ಬಣ್ಣದ ಪ್ರಕಾರ ವಿಂಗಡಿಸಲು ಮನೆಯ ಬಟ್ಟಲುಗಳೆಲ್ಲ ಸೇವೆಗೆ ಸೇರಿದವು. ಹೆಂಡತಿ ಸಕ್ಕರೆಯ ಡಬ್ಬಿಗೆ ಚಮಚ ಹಾಕಿದರೆ ಬಿಳಿ ಇಟ್ಟಿಗೆ ಎದ್ದು ಬಂತು. ಬರಿಗಾಲಲ್ಲಿ ಹಾಲ್ ದಾಟುವವರು ಕುಣಿಯುತ್ತಾ ದಾಟಿದರು.

ಗಾಲಿಗಳ ಪೊಟ್ಟಣದಲ್ಲಿ ಎರಡು ಗಾಲಿಗೆ ಮಾತ್ರ, ಹಳಿಯನ್ನು ಹಿಡಿದುಕೊಳ್ಳುವ ಆ ಉಬ್ಬಿದ ಅಂಚೇ ಇರಲಿಲ್ಲ. "ನೋಡಿ, ಎಂಥ ಮೋಸ!" ಎಂದು ಡಾಕ್ಟರು ಅವನ್ನು ಮೇಜಿನ ಖಾನೆಗೆ ಎಸೆದು, ಬೇರೆ ಜೊತೆ ಗಾಲಿ ತಂದು, ಅಂಗಡಿಗೆ ಎರಡು ಪುಟದ ಖಾರವಾದ ಪತ್ರ ಬರೆದರು.

ಅತ್ತೆ ಸೋಫಾದ ಮೂಲೆಯಲ್ಲಿ ಚಹಾ ಕುಡಿಯುತ್ತಾ ನೋಡುತ್ತಿದ್ದರು. ಡಾಕ್ಟರಿಗೆ ಕೊನೆಗೂ ಕೇಳುವ ಕಿವಿ ಸಿಕ್ಕಿತು.

"ಅತ್ತೆ, ರೈಲಿನ ಗಾಲಿ ಅಂದ್ರೆ ಸುಮ್ನೆ ಅಲ್ಲ. ಅಂಚು ಇಲ್ದಿದ್ರೆ ಗಾಡಿ ಹಳಿ ಮೇಲೆ ನಿಲ್ಲೋದೇ ಇಲ್ಲ."

"ಹೌದಾ?" ಎಂದರು, ಮೂವತ್ತೊಂದು ವರ್ಷ ಗಾಲಿ ಕಡೆದವರು.

"ರೀ, ನೀವು ಯಾರಿಗೆ ಹೇಳ್ತಿದೀರಿ ಅಂತ ಗೊತ್ತಾ?" ಎಂದು ಹೆಂಡತಿ ಕೂಗಿದರು.

"ಅತ್ತೆದು ಕಬ್ಬಿಣ, ನಂದು ಪ್ಲಾಸ್ಟಿಕ್. ಶಾಸ್ತ್ರಾನೇ ಬೇರೆ ಕಣೇ!"

ಅದೇ ಹುಮ್ಮಸ್ಸಿನಲ್ಲಿ ಬೇಕರಿಯವರಿಗೆ ಫೋನು ಮಾಡಿ, "ಸ್ವಂತ ವಿನ್ಯಾಸ ಸಾರ್. ಭಾನುವಾರ ಬನ್ನಿ, ಲೋಕಾರ್ಪಣೆ," ಎಂದರು. ಬೇಕರಿಯವರು ಸಂತೋಷದಿಂದ ಒಪ್ಪಿದರು. ಸಂಘದಲ್ಲಿ ಒಂದು ಸ್ಥಾನ ಖಾಲಿ ಇದೆ ಎಂದೂ ಸೇರಿಸಿದರು.

"ರೈಲು ಕಟ್ಟೋಕೆ ಮುಂಚೆನೇ ರೈಲು ಬಿಟ್ರಲ್ಲ," ಎಂದರು ಹೆಂಡತಿ.

ಶನಿವಾರ ಮಧ್ಯಾಹ್ನ ಎಂಜಿನ್ ಹಳಿಗಿಳಿಯಿತು. ನೇರ ಹಳಿಯ ಮೇಲೆ ಪಟ್ಟದಾನೆಯಂತೆ ನಡೆಯಿತು. ತಿರುವಿಗೆ ಬಂದದ್ದೇ ಮುಗ್ಗರಿಸಿ ಪಕ್ಕಕ್ಕುರುಳಿತು. ವೇಗ ತಗ್ಗಿಸಿದರು, ಉರುಳಿತು. ಹೊಟ್ಟೆಯೊಳಗೆ ಭಾರ ತುಂಬಿದರು, ಇನ್ನೂ ಜೋರಾಗಿ ಉರುಳಿತು. ಕ್ಲಿನಿಕ್ಕಿನ ಸಣ್ಣ ಕನ್ನಡಿ ತಂದು, ಹಲ್ಲಿನ ಸಂದು ನೋಡುವಂತೆ ಗಾಲಿಯ ಸಂದು ನೋಡಿದರು. ಹುಳುಕು ಕಾಣಲಿಲ್ಲ. ಇಪ್ಪತ್ತಮೂರನೆಯ ಸಲ ಉರುಳಿದಾಗ ಡಾಕ್ಟರು ಇಂಗು ತಿಂದ ಮಂಗನಂತೆ ನೆಲದ ಮೇಲೆ ಕೂತರು.

ಆಗ ಸೋಫಾದ ಮೂಲೆಯಿಂದ ದನಿ ಬಂತು. "ನಾನು ಒಂಚೂರು ನೋಡ್ಲಾ, ಅಳಿಯಂದ್ರೇ?"

ಡಾಕ್ಟರಿಗೆ ಬೇಡವೆನ್ನುವ ಶಕ್ತಿ ಉಳಿದಿರಲಿಲ್ಲ. ಅರವತ್ತೆಂಟು ವರ್ಷದ ಅತ್ತೆ ಕನ್ನಡಕ ಸರಿಮಾಡಿಕೊಂಡು ನೆಲದ ಮೇಲೆ ಬೋರಲು ಮಲಗಿದರು. ಒಂದು ಕಣ್ಣು ಮುಚ್ಚಿ, ಎಂಜಿನ್ನನ್ನು ಒಂದೇ ಬೆರಳಿನಿಂದ ತಿರುವಿನವರೆಗೆ ತಳ್ಳಿದರು. ಅಲ್ಲಿ ಬೆರಳು ನಿಂತಿತು. ಸೊಂಟಕ್ಕೆ ಚುಚ್ಚುತ್ತಿದ್ದ ಬೀಗದ ಕೈಗೊಂಚಲನ್ನು ಎಳೆದು ಪಕ್ಕಕ್ಕಿಟ್ಟು, ಡಾಕ್ಟರ ಪೆನ್ನು ತೆಗೆದುಕೊಂಡು ಬಾಗಿದ ಒಂದು ಹಳಿಯ ಮೇಲೆ ಉದ್ದಕ್ಕೆ ಇಟ್ಟರು.

"ನೋಡಿ. ಪೆನ್ನಿನ ಎರಡು ತುದಿನೂ ಹಳಿ ಮೇಲಿದೆ. ನಡು ಎಲ್ಲಿದೆ?"

"ಒಳಗಡೆ... ಹಳಿ ಬಿಟ್ಟು."

"ನಿಮ್ಮ ಎಂಜಿನ್ನಿನ ನಡು ಗಾಲಿನೂ ಅಷ್ಟೇ. ಪಾಪ, ಅದು ಒಳಗೆ ಸರೀಬೇಕು. ಅಂಚು ಬಿಡ್ತಿಲ್ಲ, ಅದಕ್ಕೇ ಏರಿ ಬೀಳತ್ತೆ. ನಡುವಿನ ಜೊತೆಗೆ ಅಂಚಿಲ್ಲದ ಗಾಲಿ ಹಾಕ್ಬೇಕು. ದೊಡ್ಡ ಎಂಜಿನ್ನಿಗೂ ನಾನು ಹಾಗೇ ಕಡೆದು ಕೊಡ್ತಿದ್ದೆ."

ಡಾಕ್ಟರು ಎದ್ದು ಮೇಜಿನ ಖಾನೆ ಎಳೆದರು. 'ಮೋಸದ' ಗಾಲಿಗಳೆರಡೂ ಅಲ್ಲೇ ಇದ್ದವು. ಅತ್ತೆ ಅವನ್ನು ನಡುವಿಗೆ ಕೂರಿಸಿದರು. ಎಂಜಿನ್ ತಿರುವಿಗೆ ಬಂತು. ಮೈ ಬಳುಕಿಸಿತು. ಹಾದು ಹೋಯಿತು! ಇನ್ನೊಂದು ಸುತ್ತು. ಮತ್ತೊಂದು. ಡಾಕ್ಟರು ಎಂಜಿನ್ನನ್ನು ಬಿಟ್ಟು ಅತ್ತೆಯ ಕೈಗಳನ್ನೇ ನೋಡುತ್ತಿದ್ದರು. ಅಗಲವಾದ, ಗೀರುಗಳು ತುಂಬಿದ ಆ ಬೆರಳುಗಳಷ್ಟು ಸ್ಥಿರವಾದ ಬೆರಳುಗಳನ್ನು ಅವರು ತಮ್ಮ ಕಾಲೇಜಿನ ಪ್ರೊಫೆಸರರಲ್ಲೂ ಕಂಡಿರಲಿಲ್ಲ.

"ಅತ್ತೆ, ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ನೀವು ಕೇಳ್ಲಿಲ್ವಲ್ಲ," ಎಂದರು ಅತ್ತೆ. ಆಮೇಲೆ ತಾವಾಗಿಯೇ ಮುಂದುವರಿಸಿದರು. "ಅಷ್ಟು ವರ್ಷ ಗಾಲಿ ಕಡೆದೆ, ಒಂದು ರೈಲನ್ನೂ ಪೂರ್ತಿ ಕಟ್ಟಿಲ್ಲ. ಗಾಲಿ ಆ ಬಾಗಿಲಿಂದ ಆಚೆ ಹೋಗೋದು. ಯಾವ ಗಾಡಿಗೆ ಸೇರ್ತು, ಎಲ್ಲಿಗೆ ಓಡ್ತು, ನಂಗೆ ಗೊತ್ತಾಗ್ತಿರ್ಲಿಲ್ಲ."

ಡಾಕ್ಟರು ಕೆಂಪು ಇಟ್ಟಿಗೆಗಳ ಬಟ್ಟಲನ್ನು ಅತ್ತೆಯ ಮುಂದೆ ಸರಿಸಿದರು. "ಬೋಗಿಗಳು ನಿಮ್ಮವು," ಎಂದರು. ಆ ಸಂಜೆ ಇಬ್ಬರೂ ನಾಲ್ಕು ವರ್ಷದ ಬಾಕಿ ಮಾತನ್ನೆಲ್ಲ ಆಡಿ ಮುಗಿಸಿದರು. ಹೆಂಡತಿ ಊಟಕ್ಕೆ ಮೂರು ಸಲ ಕರೆದು, ಕೊನೆಗೆ ತಾವೂ ನೆಲದ ಮೇಲೆ ಕೂತು ಕಿಟಕಿ ಜೋಡಿಸತೊಡಗಿದರು.

ಭಾನುವಾರ ಬಂದ ಬೇಕರಿಯವರು ಕೂರುವ ಮೊದಲೇ ನೆಲಕ್ಕೆ ಬಾಗಿ ಗಾಲಿ ನೋಡಿದರು. "ಅಬ್ಬಾ! ನಡುವಿನದಕ್ಕೆ ಅಂಚಿಲ್ಲ! ಇದು ಹೊಳೆಯೋಕೆ ನಮ್ಮ ಸಂಘಕ್ಕೆ ಎರಡು ವರ್ಷ ಹಿಡೀತು. ಯಾರದ್ರೀ ಈ ತಲೆ?"

ಡಾಕ್ಟರು ಬಾಯಿ ತೆರೆದರು. ನಾಲಿಗೆಯ ತುದಿಯಲ್ಲಿ 'ನಂದೇ' ಎಂಬುದು ಸಿಗ್ನಲ್ಲಿಗಾಗಿ ಕಾಯುತ್ತಾ ನಿಂತಿತ್ತು. ಅತ್ತೆಯನ್ನು ನೋಡಿದರು. ಅವರು ಸುಮ್ಮನೆ ಬೋಗಿಯ ಬಾಗಿಲು ಸರಿಮಾಡುತ್ತಿದ್ದರು.

"ನಮ್ಮ ಅತ್ತೆದು," ಎಂದರು ಡಾಕ್ಟರು. ಹೇಳಿದ ಮೇಲೆ ಎದೆ ಯಾಕೋ ಇನ್ನಷ್ಟು ಉಬ್ಬಿತು.

ಬೇಕರಿಯವರು ಎದ್ದು ಕೈ ಮುಗಿದರು. "ಅಮ್ಮಾ, ನಮ್ಮ ಖಾಲಿ ಸ್ಥಾನ ನಿಮಗೇ. ಇಲ್ಲ ಅನ್ಬೇಡಿ."

"ಹಾಗಾದ್ರೆ ನಾನು?" ಎಂದರು ಡಾಕ್ಟರು.

ಬೇಕರಿಯವರು ದವಡೆ ಸವರಿಕೊಂಡರು. "ಇರೋದು ಒಂದೇ ಸ್ಥಾನ ಡಾಕ್ಟ್ರೇ. ಆದ್ರೆ ಮುಂದಿನ ವಾರ ಪ್ರದರ್ಶನ ಇದೆ. ಡಬ್ಬಿ ಹೊರೋಕೆ ಜನ ಬೇಕು."

ಪ್ರದರ್ಶನದ ದಿನ ಸಭಾಂಗಣದಲ್ಲಿ ಉದ್ದುದ್ದ ಮೇಜುಗಳ ಮೇಲೆ ಹಳಿ ಹಾಸಿತ್ತು. ಅತ್ತೆಯ ಎದೆಯ ಮೇಲೆ 'ಗಾಲಿ ವಿಭಾಗದ ಮುಖ್ಯಸ್ಥೆ' ಎಂಬ ಬಿಲ್ಲೆ. ಡಾಕ್ಟರ ಬಿಲ್ಲೆಯಲ್ಲಿ 'ಸಾಮಾನು'. ಕಪ್ಪು ಎಂಜಿನ್ ಏಳು ಕೆಂಪು ಬೋಗಿಗಳನ್ನೆಳೆದುಕೊಂಡು, ಎಲ್ಲರ ಗಾಡಿಗಳೂ ತಡವರಿಸಿದ ಆ ಕಡಿದಾದ ತಿರುವನ್ನು ನೀರು ಹರಿದಂತೆ ದಾಟಿತು. ಜನ "ಓ!" ಎಂದರು. ಡಾಕ್ಟರು ಮೈಮರೆತು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದರು.

ಎರಡೂ ಕೈಯಲ್ಲಿ ಅಲ್ಲಿಯವರೆಗೆ ಎಂಟನೆಯ ಬೋಗಿಯ ಡಬ್ಬಿ ಇತ್ತು.

ಮುಂದಿನ ಅರ್ಧ ಗಂಟೆ ಅವರು ಮೇಜಿನ ಕೆಳಗೆ, ಜನರ ಚಪ್ಪಲಿಗಳ ನಡುವೆ ಮಂಡಿಯೂರಿ ಕಳೆದರು. ಒಮ್ಮೆ ತಲೆಯೆತ್ತಿದಾಗ ಕಣ್ಣು ಸರಿಯಾಗಿ ಹಳಿಯ ಮಟ್ಟಕ್ಕೆ ಬಂತು. ಎಂಜಿನ್ ತಿರುಗುತ್ತಿತ್ತು. ನಡುವಿನ ಗಾಲಿ ಮೆಲ್ಲನೆ ಒಳಕ್ಕೆ ಸರಿದು, ಮೆಲ್ಲನೆ ಮರಳಿ ತನ್ನ ಜಾಗಕ್ಕೆ ಬಂತು.

"ಅತ್ತೆ! ಇಲ್ಲಿಂದ ಎಷ್ಟು ಚೆನ್ನಾಗಿ ಕಾಣತ್ತೆ ಗೊತ್ತಾ!"

ಅತ್ತೆ ಬಗ್ಗಿ ನೋಡಿದರು. ಮುಖದಲ್ಲಿ ನಗು ತುಂಬಿತ್ತು.

"ಹಾಗಾದ್ರೆ ಅಲ್ಲೇ ಇರಿ, ಅಳಿಯಂದ್ರೇ. ಇನ್ನೂ ಹದಿನಾಲ್ಕು ಇಟ್ಟಿಗೆ ಸಿಗಬೇಕು."