ಬಂಗುಡೆಯ ಮೇಲಿನ ಹಿಮ

ಕತಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಈ ತನಕ ಯಾರೂ ಸತ್ತಿಲ್ಲ. ಈ ಕೀರ್ತಿ ಸಲ್ಲಬೇಕಾದದ್ದು ದೋಹಾದ ಒಂದು ಮೀನಿನ ಕಂಪನಿಯ ಸುರಕ್ಷತಾ ವಿಭಾಗಕ್ಕೆ.

ಆ ಕಂಪನಿಯನ್ನು ಯಾವುದೋ ಹಿಮದ ದೇಶದವರು ಕೊಂಡುಕೊಂಡರು. ಕೊಂಡವರು ಬರಲಿಲ್ಲ, ಅವರ ನಿಯಮಗಳು ಬಂದವು. ಬಂದ ಮೇಲೆ ಪಾಲಿಸಬೇಕಲ್ಲ. ಕೋಲ್ಡ್ ಸ್ಟೋರಿನಲ್ಲಿ ಬಂಗುಡೆ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಕಾರ್ಕಳ ಕಡೆಯ ಸಂಕಪ್ಪ ರಜೆ ಕೇಳಿದ್ದು ಆ ಹೊತ್ತಿನಲ್ಲೇ. ದೋಹಾದ ಬಿನ್ ಮಹಮೂದ್ ಬಡಾವಣೆಯ ರೂಮಿನ ಮೇಲಿನ ಮಂಚದಲ್ಲಿ ಮಲಗಿ ಮಲಗಿ ತಲೆ ನರೆತ ಮೇಲೆ, ಪಾಪ, ಊರಲ್ಲೊಂದು ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಒಕ್ಕಲಿಗೆ ಮುಹೂರ್ತವೂ ಇಟ್ಟಾಗಿತ್ತು. ಯಜಮಾನನಿಲ್ಲದೆ ಹಾಲು ಉಕ್ಕಿಸುವುದುಂಟೇ?

ಸುರಕ್ಷತಾ ಅಧಿಕಾರಿ ಪೃಥ್ವಿರಾಜ್ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ, "ಮನೆ ಎಲ್ಲಿ ಸಂಕಪ್ಪಣ್ಣ?"

"ಗುಡ್ಡೆ ಮೇಲೆ. ಡಾಮರು ಬುಡದಲ್ಲೇ ಖಲಾಸ್. ಮೇಲೆ ನಡೆದೇ ಹೋಗ್ಬೇಕು."

ಸುಳ್ಳು ಹೇಳಿ ಅಭ್ಯಾಸವಿಲ್ಲದ್ದಕ್ಕೆ ಇಷ್ಟೆಲ್ಲ ಆಯಿತು. ಕಂಪ್ಯೂಟರ್ ಅದನ್ನು 'ರಸ್ತೆರಹಿತ ಪರ್ವತ ಪ್ರಯಾಣ' ಎಂದು ಪರಿಗಣಿಸಿತು. ಅಂಥ ಪ್ರಯಾಣಕ್ಕೆ ಹಿಮಕುಸಿತದ ಅಪಾಯ ಮಟ್ಟ ನಮೂದಿಸದೆ ರಜೆ ಮಂಜೂರು ಮಾಡತಕ್ಕದ್ದಲ್ಲ.

"ಸೊನ್ನೆ ಹಾಕಿ ಮಾರಾಯ್ರೆ," ಎಂದ ಸಂಕಪ್ಪ.

"ಸೊನ್ನೆ ಇಲ್ಲ. ಒಂದರಿಂದ ಐದು. ಒಂದಕ್ಕಿಂತ ಕಡಿಮೆ ಅಪಾಯ ಪ್ರಪಂಚದಲ್ಲೇ ಇಲ್ವಂತೆ."

"ಹಾಗಾದ್ರೆ ಒಂದು ಹಾಕಿ."

"ಬಾಯಿಗೆ ಬಂದದ್ದು ಹಾಕ್ಲಿಕ್ಕಾಗ್ತದಾ? ಹಿಮದಲ್ಲಿ ಗುಂಡಿ ತೋಡಿ, ಪದರ ನೋಡಿ ಹಾಕ್ಬೇಕು. ಇಲ್ಲಿ ಹತ್ತಿರದ ಹಿಮ ಎಲ್ಲುಂಟು?"

ಹತ್ತಿರದ ಹಿಮ ಸಂಕಪ್ಪನ ಕೋಲ್ಡ್ ಸ್ಟೋರಿನಲ್ಲೇ ಇತ್ತು. ಮಾಡಿನಿಂದ ಉದುರಿ ಉದುರಿ ಹಿಂದಿನ ಗೋಡೆಗೆ ಒರಗಿಸಿದ್ದ ಪೆಟ್ಟಿಗೆಗಳ ಮೇಲೆ ಇಳಿಜಾರಾಗಿ ಕೂತಿತ್ತು. ಇಬ್ಬರೂ ಜಾಕೆಟ್ ಹಾಕಿಕೊಂಡು ಹೋಗಿ ತೋಡಿದರು. ಕೆಳಗೆ ಕಲ್ಲಿನಂಥ ಪದರ; ಅದರ ಮೇಲೆ, ಕರೆಂಟು ಕೈಕೊಟ್ಟ ದಿನದ್ದು, ಸಕ್ಕರೆಯಂತೆ ಪುಡಿಪುಡಿ. ಪೃಥ್ವಿರಾಜ್ ಬಗ್ಗಿ ನೋಡುವಾಗ ಮೇಲಿನದ್ದೆಲ್ಲ ಜಾರಿ, ಒಂದು ಪೆಟ್ಟಿಗೆ ಬಂಗುಡೆ ಸಮೇತ ಅವನ ಪಾದದ ಮೇಲೆ ಬಿತ್ತು.

"ಅಯ್ಯೋ! ನೋಡಿದ್ರಾ? ಮೂರು! ಮಟ್ಟ ಮೂರು!" ಎಂದು ಅವನು ಒಂಟಿ ಕಾಲಲ್ಲಿ ಕುಣಿದ.

ಮರುದಿನ ಪ್ರಕಟಣೆ ಹೊರಟಿತು. 'ಬಂಗುಡೆಯ ಮೇಲ್ಭಾಗದ ಇಳಿಜಾರಿನಲ್ಲಿ ದುರ್ಬಲ ಪದರ ಕಂಡುಬಂದಿರುತ್ತದೆ. ನೌಕರರು ಪರ್ವತಗಳಿಂದ ದೂರವಿರತಕ್ಕದ್ದು. ಮಟ್ಟ ಮೂರು ಅಥವಾ ಅದಕ್ಕಿಂತ ಮೇಲೆ ಇರುವಷ್ಟು ಕಾಲ ಎಲ್ಲರಿಗೂ ಹಿಮ ಭತ್ಯೆ ನೀಡಲಾಗುವುದು.' ಹೊರಗೆ ಬೆಂಕಿಯಂಥ ಬಿಸಿಲು. ಜನ ಬೆವರು ಒರೆಸಿಕೊಳ್ಳುತ್ತಾ ಓದಿ, ಹಿಮದ ಬಗ್ಗೆ ಕಳವಳ ವ್ಯಕ್ತಪಡಿಸಿದರು.

ಸಂಕಪ್ಪನ ರಜೆ ಬಿದ್ದುಹೋಯಿತು. ಹಿಮ ಕೆರೆದು ತೆಗೆದರೆ ಮಟ್ಟ ಇಳಿಯುತ್ತದಲ್ಲ ಎಂದು ಹಾರೆ ಹಿಡಿದು ಹೋದ. ಬಾಗಿಲಲ್ಲಿ ಅಡ್ಡ ನಿಂತವನು ರೂಮಿನ ಜೊತೆಗಾರ, ಉಳ್ಳಾಲದ ಡ್ರೈವರ್ ನಿಝಾಮ್.

"ಕೆರೆದ್ರೆ ಭತ್ಯೆ ಮಾಫಿ, ಒಂದು ಪೈಸೆ ಇಲ್ಲ ಅಣ್ಣ. ಅಕೌಂಟ್ಸಿನ ಫಸೀಲಾ ಆಗ್ಲೇ ಸೋಫಾ ಬುಕ್ ಮಾಡಿಯಾಯ್ತು."

"ಮತ್ತೆ ನನ್ನ ಮನೆ?"

"ಮನೆ ಎಲ್ಲಿಗೆ ಓಡ್ತದೆ?"

"ಮುಹೂರ್ತ ಓಡ್ತದಲ್ಲ ಮಾರಾಯ!"

ಊರಿಂದ ಹೆಂಡತಿ ಶರ್ಮಿಳಾ ಫೋನಿನಲ್ಲಿ, "ಅಷ್ಟು ಹಿಮ ಇದ್ರೆ ಸ್ವಲ್ಪ ಹಿಡ್ಕೊಂಡೇ ಬನ್ನಿ, ಇಲ್ಲಿ ಸೆಕೆಗೆ ಸತ್ತೆವು," ಎಂದು ಬೈದಿಟ್ಟಳು. ಸಂಕಪ್ಪ ಹಾರೆಯನ್ನು ತೊಡೆ ಮೇಲಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಕೂತವನು ಏಳಲಿಲ್ಲ.

ಆ ಹಾರೆ ನೋಡಿ ಎಲ್ಲರಿಗಿಂತ ಹೆದರಿದವಳು ಫಸೀಲಾ. ಅವಳೇ ನಿಯಮ ಹುಡುಕಿ ತಂದಳು. ಮಟ್ಟ ಮೂರರಲ್ಲೂ ಪರ್ವತಕ್ಕೆ ಹೋಗಬಹುದು. ಜೊತೆಗೆ ಮಾರ್ಗದರ್ಶಿ ಬೇಕು, ಹಿಮದಲ್ಲಿ ಹೂತವರನ್ನು ಚುಚ್ಚಿ ಹುಡುಕುವ ಉದ್ದ ಕೋಲು ಬೇಕು, ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರೇ ನಡೆಯಬೇಕು. ಹಿಮವೂ ಉಳಿಯಿತು, ರಜೆಯೂ ಸಿಕ್ಕಿತು. ಮಂಗಳೂರು ಬಂದರಿನ ದಕ್ಕೆಯಲ್ಲಿ ಐಸ್ ಲಾರಿ ಓಡಿಸಿದ ಅನುಭವ ಇದ್ದುದರಿಂದ ನಿಝಾಮನನ್ನೇ ಮಾರ್ಗದರ್ಶಿಯಾಗಿ ನೇಮಿಸಲಾಯಿತು.

ಮುಹೂರ್ತದ ದಿನ ನಿಝಾಮ್ ಉರಿಬಿಸಿಲಲ್ಲಿ ಕೆಂಪು ಮುರಕಲ್ಲಿಗೆ ಕೋಲು ಚುಚ್ಚುತ್ತಾ ಗುಡ್ಡೆ ಹತ್ತಿ, ಮೇಲಿನಿಂದ ಕೈ ಬೀಸಿದ. "ಯಲ್ಲಾ, ಹೊರಡಿ ಅಣ್ಣ! ಒಬ್ಬರೇ ಬನ್ನಿ!"

ನೆಂಟರು ಬುಡದಲ್ಲಿ ಸಾಲಾಗಿ ನಿಂತರು. "ಇದೆಂತದ್ದು?" ಎಂದು ದೊಡ್ಡಪ್ಪ ದೂಮಪ್ಪ ಕೇಳಿದರು. "ಗಲ್ಫಿನಲ್ಲಿ ಹೀಗೆಯಂತೆ," ಎಂದರು ಯಾರೋ. ದೂಮಪ್ಪ ತಲೆದೂಗಿ ತಮ್ಮ ಸರದಿಗೆ ಕಾದರು.

ಸಂಕಪ್ಪ ಏದುಸಿರು ಬಿಡುತ್ತಾ ಹೊಸಿಲು ದಾಟಿದ. ಶರ್ಮಿಳಾ ಒಲೆ ಹಚ್ಚಿ, "ಭಟ್ಟರೆಲ್ಲಿ?" ಎಂದಳು. ಭಟ್ಟರ ಸರದಿ ಇನ್ನೂ ಬಂದಿರಲಿಲ್ಲ. ಅವರು ಬುಡದಿಂದಲೇ ಕೂಗಿ ಮಂತ್ರ ಹೇಳಿದರು. ಹಾಲು ಸರಿಯಾದ ಮುಹೂರ್ತಕ್ಕೇ ಉಕ್ಕಿತು. ಸಂಕಪ್ಪ ಸ್ವಂತ ಮನೆಯ ನೆಲದಲ್ಲಿ ಕೂತು ಕಣ್ಣೊರೆಸಿಕೊಂಡ.

ಯಾರೂ ಹಿಮದಲ್ಲಿ ಹೂತಿಲ್ಲವೆಂಬ ನಿಝಾಮನ ವರದಿ ನೋಡಿ ಕಂಪನಿ ಸಂತಸ ವ್ಯಕ್ತಪಡಿಸಿ ಮಟ್ಟವನ್ನು ನಾಲ್ಕಕ್ಕೆ ಏರಿಸಿತು. ಕೋಲು ಈಗ ಗುಡ್ಡೆಯ ಬುಡದಲ್ಲೇ ಇರುತ್ತದೆ. ಹಾಲಿನವನು, ಪೋಸ್ಟಿನವನು, ಭಟ್ಟರು, ಎಲ್ಲರೂ ಚುಚ್ಚಿಕೊಂಡೇ ಹತ್ತುತ್ತಾರೆ, ಒಮ್ಮೆಗೆ ಒಬ್ಬರೇ. ಅಲ್ಲಿಯೂ ಹಿಮಕುಸಿತಕ್ಕೆ ಸಿಕ್ಕಿ ಈ ತನಕ ಯಾರೂ ಸತ್ತಿಲ್ಲ.