ಗುಳ್ಳೆ ನಟ್ಟನಡುವೆ ನಿಂತ ಬಚ್ಚಲು

ಟೈಲ್ಸ್ ವಿಷಯದಲ್ಲಿ ಇನ್ನು ಮುಂದೆ ಈ ಭೂಮಂಡಲದ ಯಾವ ಅಂಗಡಿಯವನೂ, ಯಾವ ಗಾರೆ ಮೇಸ್ತ್ರಿಯೂ, ಮುಖ್ಯವಾಗಿ ಯಾವ ಷಡ್ಡಕನೂ ತನ್ನ ಮುಂದೆ ಬಾಯಿ ತೆರೆಯಲಾರ ಎಂದು ಯಜಮಾನರು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ. ಬಾಯಲ್ಲಿ ನೊರೆಯಿದ್ದುದರಿಂದ ಘೋಷಣೆಯ ಅರ್ಧಭಾಗ ಕನ್ನಡಿಯ ಮೇಲೆ ಬಿತ್ತು. ಉಳಿದರ್ಧ ಹೆಂಡತಿಯ ಕಿವಿಗೆ ಬಿತ್ತು. ಆಕೆ ಕನ್ನಡಿ ಒರೆಸಿದಳು.

ಯಜಮಾನರದು ಪಟಗಳಿಗೆ ಚೌಕಟ್ಟು ಹಾಕಿಕೊಡುವ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಊರಿನವರ ಮದುವೆ ಫೋಟೊಗಳನ್ನೂ ಮಕ್ಕಳ ಪದವಿ ಪತ್ರಗಳನ್ನೂ ನಾಲ್ಕು ಕಡ್ಡಿಗಳ ನಡುವೆ ಕೂಡಿಹಾಕುತ್ತಾ ಬಂದ ಅವರಿಗೆ ಸೊಟ್ಟ ಎಂಬುದನ್ನು ಕಂಡರೆ ಮೈಯೆಲ್ಲ ತುರಿಕೆ. ನೆಂಟರ ಮನೆಗೆ ಹೋದರೆ ಮೊದಲು ಗೋಡೆಯ ಪಟಗಳನ್ನೆಲ್ಲ ನೆಟ್ಟಗೆ ಮಾಡಿ, ಆಮೇಲೆ ಕುಶಲ ವಿಚಾರಿಸುತ್ತಿದ್ದರು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರು, ಎದುರಿನ ಕ್ಯಾಲೆಂಡರು ಎಡಕ್ಕೆ ವಾಲಿದೆಯೆಂದು ಕೈಸನ್ನೆ ಮಾಡಿ ಡಾಕ್ಟರನ್ನೇ ಏಣಿ ಹತ್ತಿಸಿದ್ದರು. ಅವರ ಜೇಬಿನಲ್ಲಿ ಸದಾ ಒಂದು ಪುಟ್ಟ ರಸಮಟ್ಟ ಇರುತ್ತಿತ್ತು: ಗಾಜಿನ ಕೊಳವೆ, ಅದರಲ್ಲಿ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಲೋಕ ಸಮ. ಅತ್ತಿತ್ತ ಸರಿದರೆ ಲೋಕ ಕೆಟ್ಟಿತು.

ಮನೆಯಲ್ಲಿ ಎರಡು ಕೆಲಸ ಬಾಕಿಯಿದ್ದವು. ಬಚ್ಚಲುಮನೆಗೆ ಹೊಸ ಟೈಲ್ಸ್, ಆಮೇಲೆ ಅಡುಗೆಮನೆಗೆ. ಬಚ್ಚಲಿನ ಬಗ್ಗೆ ಹೆಂಡತಿಗೆ ತಕರಾರಿರಲಿಲ್ಲ. ತಕರಾರೆಲ್ಲ ಅಡುಗೆಮನೆಯದು. ಹತ್ತೊಂಬತ್ತು ವರ್ಷ ಆ ನೆಲದ ಮೇಲೆ ನಿಂತವಳಿಗೆ ಎಲ್ಲಿ ಎಣ್ಣೆ ಸಿಡಿಯುತ್ತದೆ, ಎಲ್ಲಿ ಕಾಲು ಜಾರುತ್ತದೆ, ಯಾವ ಮೂಲೆಯಲ್ಲಿ ಜಿರಳೆ ಸಂಸಾರ ಹೂಡುತ್ತದೆ ಎಲ್ಲವೂ ಗೊತ್ತು. ಆದರೆ ಯಜಮಾನರು ಆಗಲೇ ನಕ್ಷೆ ಬರೆದಿದ್ದರು. ನೆಲಕ್ಕೆ ಮುಖ ಕಾಣುವಂಥ ಕಪ್ಪು ಟೈಲ್ಸ್. ಒಲೆಕಟ್ಟೆ ಕಿಟಕಿಯ ಅಂಚಿಗೆ ಸರಿಯಾಗಿ ಒಂದೇ ಗೆರೆಯಲ್ಲಿ ಬರಲೆಂದು ಈಗಿನದಕ್ಕಿಂತ ಒಂದು ಗೇಣು ಎತ್ತರ. ಹೆಂಡತಿ ಕುಳ್ಳಗಿನ ಹೆಂಗಸು. ಆ ನಕ್ಷೆಯ ಪ್ರಕಾರ ಆಕೆ ಸಾರು ಕುದಿಯುತ್ತಿದೆಯೇ ಎಂದು ನೋಡಬೇಕಾದರೆ ಎಗರಬೇಕಿತ್ತು.

ಆಕೆ ಆಸ್ಪತ್ರೆಯಲ್ಲಿ ನರ್ಸು. ಕೂಗಾಡುವ ಅಭ್ಯಾಸವಿಲ್ಲ. ಸೂಜಿ ಚುಚ್ಚುವ ಮುಂಚೆ, ಏನೂ ಆಗುವುದಿಲ್ಲ ಎಂದು ಹೇಳುತ್ತಾರಲ್ಲ, ಆ ದನಿಯಲ್ಲಿ ಒಪ್ಪಂದ ಮುಂದಿಟ್ಟಳು.

"ಬಚ್ಚಲು ನಿಮ್ಮದು ರೀ. ಅಕ್ಕ, ಭಾವ ಬಂದು ನಾಲ್ಕು ದಿನ ಇದ್ದು ಹೋಗೋವರೆಗೆ ಒಂದು ದೂರು ಬರ್ದೇ ಇದ್ರೆ ಅಡುಗೆಮನೆನೂ ನಿಮ್ಮದೇ. ಬಂತೋ, ಅಡುಗೆಮನೆ ಮುಗಿಯೋವರೆಗೆ ನೀವು ಆ ಕಡೆ ತಲೆ ಹಾಕೋ ಹಾಗಿಲ್ಲ."

ಯಜಮಾನರು ನಕ್ಕು ಒಪ್ಪಿದರು. ಗೆದ್ದಾಗಿದೆ, ಆಟ ಆಡುವುದೊಂದು ಬಾಕಿ ಎಂಬ ನಗು ಅದು.

ಆ ಧೈರ್ಯಕ್ಕೆ ಕಾರಣ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಆ ಮಹಾನುಭಾವರು ಹಿಂದಿನ ವರ್ಷ ತಮ್ಮ ಮನೆಯ ಬಚ್ಚಲಿನ ನೆಲಕ್ಕೆ ಗೋಡೆಯ ಟೈಲ್ಸ್ ಹಾಕಿಸಿದ್ದರು. ನುಣ್ಣಗೆ, ಹಾಲಿನ ಕೆನೆಯಂತೆ ಹೊಳೆಯುತ್ತಿದ್ದ ಆ ನೆಲದ ಮೇಲೆ ಮೊದಲ ದಿನವೇ ಅವರು ಒಂದೂ ಹೆಜ್ಜೆ ಇಡದೆ ಬಾಗಿಲಿನಿಂದ ನಲ್ಲಿಯವರೆಗೆ ತಲುಪಿಬಿಟ್ಟರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಎರಡು ತಿಂಗಳು ಮಲಗಿದರು. ನೋಡಲು ಹೋದ ಯಜಮಾನರು ಹಣ್ಣಿನ ಜೊತೆಗೆ ಟೈಲ್ಸ್ ಕುರಿತ ಒಂದು ಉಪನ್ಯಾಸವನ್ನೂ ಕೊಟ್ಟು ಬಂದಿದ್ದರು. ಮಲಗಿದ ಮನುಷ್ಯ ಎದ್ದು ಹೋಗಲಾರ ಎಂಬ ಅನುಕೂಲವೂ ಇತ್ತು.

ನಿಜ ಹೇಳಬೇಕೆಂದರೆ ಯಜಮಾನರು ಓದಿಯೇ ಕೂತಿದ್ದರು. ಗೋಡೆಯ ಟೈಲ್ಸ್‌ನ ಮಣ್ಣು ಹಗುರ, ನೀರು ಹೀರುತ್ತದೆ, ಭಾರ ತಡೆಯದು. ನೆಲದ್ದು ಹೆಚ್ಚು ಬೆಂದದ್ದು, ಗಟ್ಟಿ, ನೀರನ್ನು ಹತ್ತಿರ ಸೇರಿಸದು. ಬಚ್ಚಲಿನ ನೆಲಕ್ಕೆ ಹೊಳಪಿಲ್ಲದ, ಬೆರಳಿಗೆ ತರಿತರಿಯಾಗಿ ಸಿಗುವ ಮೈ ಇರಬೇಕು. ಇದಿಷ್ಟನ್ನೂ ಬಾಯಿಪಾಠ ಮಾಡಿಕೊಂಡು ಟೈಲ್ಸ್ ಅಂಗಡಿಗೆ ನುಗ್ಗಿದರು. ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿದರು. ಕೀಲಿಕೈಯಿಂದ ಗೀರಿದರು. ಒಂದು ಟೈಲ್ಸ್ ತಿರುಗಿಸಿ ಅದರ ಬೆನ್ನಿಗೆ ನಾಲಿಗೆ ಹಚ್ಚಿದರು. ನೀರು ಹೀರುವ ಮಣ್ಣಾದರೆ ನಾಲಿಗೆ ಅಂಟಿಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದರು. ಓದಿದ್ದು ನಿಜವಾಗಿತ್ತು. ಅಂಟಿಕೊಂಡಿತು.

ಅಂಗಡಿಯಾಕೆ ಸ್ವಲ್ಪ ಹೊತ್ತು ನೋಡಿ, "ಉಪ್ಪು ಸರಿಯಾಗಿದೆಯಾ ಸಾರ್?" ಎಂದು ಕೇಳಿದಳು.

ಇಂಥ ಸಣ್ಣ ಅವಮಾನಗಳಿಗೆ ವಿದ್ವಾಂಸರು ಜಗ್ಗುವುದಿಲ್ಲ. ಗೋಡೆಗೆ ಗೋಡೆಯದು, ನೆಲಕ್ಕೆ ನೆಲದ್ದು, ಒಡೆದುಹೋದರೆ ಇರಲೆಂದು ಹತ್ತಕ್ಕೊಂದು ಹೆಚ್ಚಿಗೆ, ಬಣ್ಣದಲ್ಲಿ ವ್ಯತ್ಯಾಸ ಬಾರದಂತೆ ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಸಂಖ್ಯೆ. ಯಾವುದರಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಹೆಂಡತಿ ಕೂಡ ನೆಲದ ಟೈಲ್ಸ್ ಮೇಲೆ ಒದ್ದೆ ಕಾಲಿಟ್ಟು ನೋಡಿ, ಪರವಾಗಿಲ್ಲ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಒಲೆಕಟ್ಟೆಯ ಮೇಲೆ ಒಂದು ಗೇಣು ಅಳೆದು ನೋಡಿದಳು.

ಗಾರೆ ಮೇಸ್ತ್ರಿ ಬಾಯಿಗಿಂತ ಕರಣೆಯನ್ನು ಹೆಚ್ಚು ಆಡಿಸುವ ಮನುಷ್ಯ. ಐದು ದಿನದಲ್ಲಿ ಗೋಡೆ ಮುಗಿಸಿದ. ಯಜಮಾನರು ರಸಮಟ್ಟ ಹಿಡಿದು ಸಾಲುಸಾಲಾಗಿ ಪರೀಕ್ಷಿಸಿದರು. ಗುಳ್ಳೆ ಎಲ್ಲೆಲ್ಲೂ ನಟ್ಟನಡುವೆ. ಬೆನ್ನು ತಟ್ಟಿದರು. ಆರನೆಯ ದಿನ ಅವನು ನೆಲ ಹಾಸಿದ. ಸಂಜೆ ಅಂಗಡಿಯಿಂದ ಬಂದ ಯಜಮಾನರು ಪ್ಯಾಂಟು ಮಡಿಸಿ, ಮಂಡಿಯೂರಿ, ರಸಮಟ್ಟವನ್ನು ನೆಲದ ಮೇಲಿಟ್ಟರು. ಗುಳ್ಳೆ ಬಾಗಿಲ ಕಡೆಗೆ ಓಡಿಹೋಯಿತು. ಇನ್ನೊಂದು ಕಡೆ ಇಟ್ಟರು. ಅಲ್ಲೂ ಓಡಿತು. ಮೂರನೆಯ ಕಡೆ ಇಡುವ ಹೊತ್ತಿಗೆ ಯಜಮಾನರ ಕಿವಿ ಕೆಂಪಾಗಿತ್ತು. ಇಡೀ ನೆಲ ನೀರು ಹೋಗುವ ಜಾಲರಿಯ ಕಡೆಗೆ ವಾಲಿಕೊಂಡಿತ್ತು!

ಇದೇನಿದು ಎಂದು ಕೇಳಿದ್ದಕ್ಕೆ ಮೇಸ್ತ್ರಿ, ಅದು ವಾಟ, ನೀರು ಇಳಿದುಹೋಗಲಿ ಎಂದು ಕೊಟ್ಟದ್ದು ಎಂದ.

"ಸೊಟ್ಟಕ್ಕೆ ಒಂದು ಹೆಸರು ಬೇರೆ ಇಟ್ಟಿದ್ದೀಯಾ? ನೀರು ತಾನಾಗೇ ದಾರಿ ಹುಡುಕ್ಕೊಂಡು ಹೋಗುತ್ತಪ್ಪಾ. ಅದಕ್ಕೇ ಅಲ್ವಾ ಜಾಲರಿ ಇಟ್ಟಿರೋದು?"

ಮೇಸ್ತ್ರಿ ಕಿವಿಯ ಹಿಂದಿನ ಪೆನ್ಸಿಲು ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟುಕೊಂಡ. "ಅಮ್ಮಾವ್ರಿಗೆ ಒಂದು ಮಾತು ಹೇಳಿ ಯಜಮಾನ್ರೇ," ಎಂದ.

ಇಲ್ಲೇ ಯಜಮಾನರು ಕೆರಳಿದ್ದು. ಬಚ್ಚಲು ಪೂರ್ತಿಯಾಗಿ ತನ್ನ ಇಲಾಖೆ, ಅಮ್ಮಾವರ ಸಹಿ ಬೇಕಿಲ್ಲ ಎಂದು ತಿಳಿಸಿದರು. ಸಿಮೆಂಟು ಹಸಿಯಿರುವಾಗಲೇ ಟೈಲ್ಸ್ ಎಬ್ಬಿಸಿ ಮಟ್ಟ ಮಾಡು ಎಂದರು. ಕಪ್ಪು ಅಡುಗೆಮನೆ ಕಣ್ಣಮುಂದೆ ಹೊಳೆಯುತ್ತಿದ್ದ ಮನುಷ್ಯನಿಗೆ ಯಾರು ಏನು ಹೇಳುವುದು! ಹುಮ್ಮಸ್ಸು ಅಲ್ಲಿಗೂ ನಿಲ್ಲದೆ, ಬಾಗಿಲಲ್ಲಿ ಎರಡು ಬೆರಳು ಎತ್ತರವಿದ್ದ ಕಲ್ಲಿನ ಅಡ್ಡಪಟ್ಟಿಯನ್ನೂ ಕೀಳಿಸಿದರು. ಬಚ್ಚಲು, ಪಕ್ಕದ ಮಲಗುವ ಕೋಣೆ, ಅದರಾಚೆಯ ಹಾಲ್, ಮೂರೂ ಒಂದೇ ಸಮತಲದಲ್ಲಿ ಬರಬೇಕೆಂಬುದು ಅವರ ಕನಸು. ಜಾಲರಿಯೂ ತಲೆ ತಗ್ಗಿಸಬಾರದು, ಟೈಲ್ಸ್‌ನ ಸಮಕ್ಕೇ ಕೂರಬೇಕು.

ಮನೆ ನಿಮ್ಮದು ಎಂದಷ್ಟೇ ಹೇಳಿ ಮೇಸ್ತ್ರಿ ಹೇಳಿದಂತೆ ಮಾಡಿದ. ಗುಳ್ಳೆ ನಟ್ಟನಡುವೆ ಬಂತು. ಯಜಮಾನರು ಅದನ್ನು ಎಂಟು ದಿಕ್ಕಿನಿಂದಲೂ ಫೋಟೊ ತೆಗೆದುಕೊಂಡರು. ಹೋಗುವ ಮುಂಚೆ ಮೇಸ್ತ್ರಿ ಒಂದು ಬಕೆಟ್ ನೀರು ಸುರಿದು ನೋಡೋಣವೇ ಎಂದ. ಅದಕ್ಕೂ ಅಡ್ಡಿ ಬಂತು. ಸಂದುಗಳಿಗೆ ತುಂಬಿದ ಗ್ರೌಟು ಪೂರ್ತಿ ಒಣಗುವವರೆಗೆ ಒಂದು ಹನಿ ನೀರೂ ಸೋಕಬಾರದೆಂದು ಯಜಮಾನರು ಓದಿದ್ದರು. ಪುಸ್ತಕ ಮೂರು ದಿನ ಎಂದಿತ್ತು. ಇವರು ಏಳು ದಿನ ಎಂದರು. ಅಲ್ಲಿಯವರೆಗೆ ಗಂಡಹೆಂಡಿರು ಹೆಗಲ ಮೇಲೆ ಟವೆಲು ಹೊತ್ತು ಮಹಡಿಯ ಬಾಡಿಗೆದಾರರ ಮನೆಗೆ ಸ್ನಾನಕ್ಕೆ ಹೋಗಿಬಂದರು.

ಏಳನೆಯ ದಿನ ಅತ್ತಿಗೆಯೂ ಷಡ್ಡಕನೂ ಬಂದಿಳಿದರು. ಹೆಂಡತಿ ಇನ್ನೂ ಆಸ್ಪತ್ರೆಯಲ್ಲಿದ್ದಳು. ಪ್ರಯಾಣದ ಧೂಳು ತೊಳೆಯಲು ಹೊಸ ಬಚ್ಚಲಿನ ಮೊದಲ ಸ್ನಾನದ ಗೌರವ ಷಡ್ಡಕನಿಗೇ ಸಲ್ಲಲಿ ಎಂದರು ಯಜಮಾನರು. ಅವರ ಸೊಂಟವೇ ತಮ್ಮ ಪಾಂಡಿತ್ಯಕ್ಕೆ ಸಾಕ್ಷಿಯಾಗಲಿ ಎಂಬ ಉದಾರ ಬುದ್ಧಿ.

ಷಡ್ಡಕನವರು ಒಳಗೆ ಕಾಲಿಟ್ಟರು. ಜಾರಲಿಲ್ಲ. ಕುಣಿದು ನೋಡಿದರು. ಆಗಲೂ ಜಾರಲಿಲ್ಲ. "ಭಲೇ, ಒಪ್ಪಿದೆ," ಎಂದು ಒಳಗಿನಿಂದಲೇ ಕೂಗಿ, ಷವರ್ ತಿರುಗಿಸಿ, ಹಾಡಲು ಶುರುಮಾಡಿದರು. ಅವರು ಎರಡು ಚರಣ ಮುಗಿಯದೆ ಸೋಪು ಹಚ್ಚುವವರಲ್ಲ.

ಹಾಲ್‌ನಲ್ಲಿ ಅತ್ತಿಗೆಗೆ ಟೈಲ್ಸ್ ಪುರಾಣ ನಡೆಯುತ್ತಿತ್ತು. ಮಣ್ಣು, ಬೆಂಕಿ, ಹೊಳಪು ಎಲ್ಲ ದಾಟಿ ಯಜಮಾನರು ಸಮತಲ ಎಂಬ ಅಧ್ಯಾಯಕ್ಕೆ ಬಂದಿದ್ದರು. ಎಷ್ಟು ಸಮ ಎಂದರೆ, ಒಂದು ಗೋಲಿ ಇಟ್ಟರೆ ಅದು ಯಾವ ಕಡೆ ಹೋಗಬೇಕೆಂದು ತಿಳಿಯದೆ ಅಲ್ಲೇ ಕೂತು ಅಳಬೇಕು ಎಂದರು. ಅತ್ತಿಗೆ ತಾಳ್ಮೆಯ ಹೆಂಗಸು. ಕಾಲು ಮೇಲಕ್ಕೆತ್ತಿಕೊಂಡು ಸೋಫಾದ ಮೇಲೆ ಮಡಿಸಿ ಕೂತರು. ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು:

"ನೀವು ಹೇಳಿ, ನಾನು ಕೇಳ್ತಾ ಇದೀನಿ. ನನ್ನ ಚಪ್ಪಲಿ ಮಾತ್ರ ಹೊರಟು ನಿಂತಿದೆ."

ಯಜಮಾನರು ತಿರುಗಿ ನೋಡಿದರು. ಅತ್ತಿಗೆಯ ರಬ್ಬರ್ ಚಪ್ಪಲಿಗಳು ಜೋಡಿಯಾಗಿ, ದಡ ಬಿಟ್ಟ ದೋಣಿಗಳಂತೆ, ಮುಂಬಾಗಿಲ ಕಡೆಗೆ ಸಾಗುತ್ತಿದ್ದವು. ಮಲಗುವ ಕೋಣೆಯಿಂದ ನೀರು ಬರುತ್ತಿತ್ತು. ಸುಮ್ಮನೆ ಬರುತ್ತಿರಲಿಲ್ಲ. ಅಗಲಕ್ಕೂ ಒಂದೇ ಸಮನೆ, ಇಸ್ತ್ರಿ ಮಾಡಿದ ದುಪ್ಪಟಿ ಹಾಸಿದಂತೆ, ಮುಂದಿನ ಅಂಚು ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರವಾಗಿ ಬರುತ್ತಿತ್ತು. ಒಂದು ಕ್ಷಣ ಯಜಮಾನರಿಗೆ ಅದರ ಅಂದವೇ ಕಣ್ಣಿಗೆ ಕಟ್ಟಿತು. ಮರುಕ್ಷಣ ಕೋಣೆಯಲ್ಲಿ ನೆಲದ ಮೇಲಿಟ್ಟಿದ್ದ ಷಡ್ಡಕನ ಸೂಟ್‌ಕೇಸು ನೆನಪಾಗಿ ಓಡಿದರು. ಅದು ಮಂಚದ ಕೆಳಗೆ ತಂಗಿತ್ತು. ಅದರೊಳಗಿನ ನಾಲ್ಕು ದಿನದ ಬಟ್ಟೆಗಳೂ ಮಾಲೀಕನ ಜೊತೆಯಲ್ಲೇ ಸ್ನಾನ ಮುಗಿಸಿದ್ದವು.

ಬಚ್ಚಲ ಬಾಗಿಲು ತೆರೆಯಿತು. ಟವೆಲು ಸುತ್ತಿಕೊಂಡ ಷಡ್ಡಕ, ಪಾದ ಮುಳುಗುವ ನೀರಿನಲ್ಲಿ ನಿಂತಿದ್ದರು. ಮೈತುಂಬ ಸೋಪು.

"ಜಾಲರಿ ಇಲ್ಲೇ ಇದೆ," ಎಂದರು ಅವರು, ಬೆರಳು ತೋರಿಸಿ. "ನೀರಿಗೆ ಮಾತ್ರ ಯಾರೂ ಹೇಳಿದ ಹಾಗಿಲ್ಲ."

ಅದೇ ಹೊತ್ತಿಗೆ ಹೆಂಡತಿ ಆಸ್ಪತ್ರೆಯಿಂದ ಬಂದಳು. ಹೊಸ್ತಿಲಲ್ಲೇ ಚಪ್ಪಲಿಗಳು ಎದುರುಗೊಂಡವು. ಆಕೆ ಅವುಗಳನ್ನು ಎತ್ತಿ ಗೂಡಿನಲ್ಲಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ನಡೆದಳು. ಅಲ್ಲಿ ಯಜಮಾನರು ಬಚ್ಚಲಿನ ನೀರಿನಲ್ಲಿ ಮಂಡಿಯೂರಿ ಕೂತು ರಸಮಟ್ಟವನ್ನು ಮುಳುಗಿಸಿ ಹಿಡಿದಿದ್ದರು. ದೂರು ಕೊಡುವವರ ಬಾಯಿ ಮುಚ್ಚಿಸಲು ಅವರ ಹತ್ತಿರ ಉಳಿದಿದ್ದ ಒಂದೇ ದಾಖಲೆ ಅದು.

"ನೋಡೇ, ನೀನೇ ನೋಡು. ಗುಳ್ಳೆ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ನೆಲದಲ್ಲಿ ಒಂದು ದೋಷ ತೋರಿಸು ನೋಡೋಣ."

ಹೆಂಡತಿ ಬಗ್ಗಿ ನೋಡಿದಳು. ಷಡ್ಡಕನೂ ಬಗ್ಗಿದರು. ಗುಳ್ಳೆ ನಟ್ಟನಡುವೆ ಇತ್ತು.

"ಮಟ್ಟ ಸರಿಯಾಗೇ ಇದೆ ರೀ," ಎಂದಳು ಆಕೆ, ಸೂಜಿ ಚುಚ್ಚುವ ದನಿಯಲ್ಲಿ. "ಅದಕ್ಕೇ ನೀರು ನಿಂತಿದೆ."

ಯಜಮಾನರು ಗುಳ್ಳೆಯನ್ನು ನೋಡಿದರು. ಜಾಲರಿಯನ್ನು ನೋಡಿದರು. ನೀರಿನಲ್ಲಿ ತಮ್ಮ ಮುಖವನ್ನೂ ನೋಡಿದರು. ಇಪ್ಪತ್ತೆರಡು ವರ್ಷ ಗೋಡೆಗಳನ್ನು ಆಳಿದ ಮನುಷ್ಯನಿಗೆ, ಲೋಕದಲ್ಲಿ ಬೇಕೆಂದೇ ಓರೆಯಾಗಿರಬೇಕಾದ ಜಾಗಗಳೂ ಇವೆ ಎಂಬುದು ಮಂಡಿ ಒದ್ದೆ ಮಾಡಿಕೊಂಡ ಮೇಲೆ ಹೊಳೆಯಿತು. ಆದರೆ ಬಾಯಿ ಬಿಟ್ಟು ಒಪ್ಪಿಕೊಳ್ಳುವುದುಂಟೇ? ಇದು ದೂರಲ್ಲ, ಸಲಹೆ ಎಂದರು. ಷಡ್ಡಕನವರು ಹಿಂಡುತ್ತಿದ್ದ ಪಂಚೆಯಿಂದ ತಲೆಯೆತ್ತಿ, ತಮ್ಮದು ದೂರೇ ಎಂದು ಸ್ಪಷ್ಟಪಡಿಸಿದರು.

ಆ ನಾಲ್ಕು ದಿನ ಷಡ್ಡಕ ಯಜಮಾನರ ಬಟ್ಟೆಯನ್ನೇ ತೊಟ್ಟು ಓಡಾಡಿದರು. ಹೊಟ್ಟೆಯ ಗಾತ್ರ ಬೇರೆಬೇರೆ ಇದ್ದುದರಿಂದ ಎರಡು ಗುಂಡಿಗಳು ಹುತಾತ್ಮವಾದವು. ಎಲ್ಲರೂ ಸಾಲಾಗಿ ಟವೆಲು ಹೊತ್ತು ಮತ್ತೆ ಮಹಡಿ ಹತ್ತಿದರು. ನೆಂಟರು ಹೊರಟ ಮೇಲೆ ಮೇಸ್ತ್ರಿ ಬಂದ. ಬಂದವನೇ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಗೋಡೆಯ ಬುಡದಲ್ಲಿ ವಾಟದ ಗೆರೆ ಎಳೆದ. ಅದು ಯಜಮಾನರಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಹೆಚ್ಚಿಗೆ ತಂದಿದ್ದ ಟೈಲ್ಸ್ ಸಾಲದೆ ಇನ್ನೂ ಎರಡು ಪೆಟ್ಟಿಗೆ ತರಿಸಿ, ನೆಲ ಒಡೆದು, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಾಟ ಕೊಟ್ಟು ಹಾಸಿದ. ನೀರು ಸುರಿದರೆ ಅದು ಶಾಲೆ ಬಿಟ್ಟ ಮಕ್ಕಳಂತೆ ಜಾಲರಿಗೆ ಓಡಿತು.

ಇನ್ನು ಅಡುಗೆಮನೆಯ ಸರದಿ. ಒಪ್ಪಂದ ಒಪ್ಪಂದವೇ. ಆದರೂ ಯಜಮಾನರು ಸೋತ ರಾಜರಂತೆ ಬಾಗಿಲ ಬಳಿ ಸುಳಿದಾಡುತ್ತಾ, ಗೋಡೆಗೆ ವಾಟ ಬೇಡವಲ್ಲ, ಗೋಡೆಯನ್ನಾದರೂ ತನಗೆ ಬಿಡಬಹುದಲ್ಲ, ಒಲೆಕಟ್ಟೆ ಅರ್ಧ ಗೇಣಾದರೂ ಏರಬಹುದಲ್ಲ ಎಂದು ಸಂಧಾನ ಶುರುಮಾಡಿದರು. ದಿನಕ್ಕೆ ಮೂರು ಬಾರಿ. ಮೇಸ್ತ್ರಿ ಸೋಮವಾರ ಬರುವವನಿದ್ದ. ಶನಿವಾರ ಅತ್ತಿಗೆಯ ಫೋನು ಬಂತು. ನೇರವಾಗಿ ಯಜಮಾನರಿಗೇ.

ಮನೆಯ ಮುಂದೆ ಒಂದು ಸಣ್ಣ ಕೊಳ ಕಟ್ಟಿಸುತ್ತಿದ್ದೇವೆ, ಒಳಗೆಲ್ಲ ಟೈಲ್ಸ್ ಕೂರಿಸಬೇಕು, ಇಲ್ಲಿ ಯಾರಿಗೂ ಟೈಲ್ಸ್ ವಿಷಯ ಗೊತ್ತಿಲ್ಲ, ನಿಮ್ಮ ಷಡ್ಡಕರಂತೂ ನಿಮ್ಮ ಹೆಸರೇ ಹೇಳುತ್ತಿದ್ದಾರೆ, ನಾಳೆಯೇ ಹೊರಟು ಬನ್ನಿ ಎಂದರು ಅತ್ತಿಗೆ.

ಯಜಮಾನರ ಬೆನ್ನು ತಾನಾಗಿ ನೆಟ್ಟಗಾಯಿತು. ಹೆಂಡತಿಗೂ ಕೇಳಲೆಂದು ಫೋನಿನ ದನಿ ಜೋರು ಮಾಡಿ, ಇಷ್ಟು ಜನರಿರುವಾಗ ತನ್ನನ್ನೇ ಏಕೆ ಕರೆದಿರಿ ಎಂದು ವಿನಯದಿಂದ ಕೇಳಿದರು.

"ಕೊಳ ಅಲ್ವಾ," ಎಂದರು ಅತ್ತಿಗೆ. "ನೀರು ಹಾಕಿದ್ರೆ ಹಾಗೇ ನಿಂತಿರ್ಬೇಕು, ಎಲ್ಲೂ ಹೋಗ್ಬಾರ್ದು. ಆ ವಿದ್ಯೆ ನಿಮ್ಮನ್ನ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ."

ಹಿಂದಿನಿಂದ ಷಡ್ಡಕನ ನಗು ಕೇಳಿಸಿತು. ಯಜಮಾನರು ಉಳಿದಿದ್ದ ಗಾಂಭೀರ್ಯವನ್ನೆಲ್ಲ ಒಟ್ಟುಮಾಡಿ, ಆ ಕೆಲಸ ಎಷ್ಟು ದಿನ ಹಿಡಿಯಬಹುದು ಎಂದು ವಿಚಾರಿಸಿದರು. ಅದನ್ನು ನನ್ನ ತಂಗಿಯನ್ನೇ ಕೇಳಿ ಎಂದು ಅತ್ತಿಗೆ ಫೋನಿಟ್ಟರು.

ಯಜಮಾನರು ತಿರುಗಿದರು. ಹೆಂಡತಿ ಆಗಲೇ ಅವರ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು.

"ಅಡುಗೆಮನೆ ಮುಗಿಯೋವರೆಗೂ," ಎಂದಳು.