ಯಾರಿಗೂ ಬೇಡದ ಅಳತೆಯ ಗುಂಡು

ವರ್ಜಿಲ್ ಓಕ್ಸ್ ಶುಕ್ರವಾರ ಬೆಳಿಗ್ಗೆ ಹಿತ್ತಲಿನ ದಿಬ್ಬದ ಮೇಲೆ ಹಳೇ ಬಣ್ಣದ ಡಬ್ಬವೊಂದನ್ನಿಟ್ಟು, ಕೋವಿಯ ಗುರಿ ನೆಟ್ಟಗಿದೆಯೋ ಎಂದು ನೋಡಲು ಎರಡು ಗುಂಡು ಹಾರಿಸಿದ. ಎರಡೂ ಡಬ್ಬಕ್ಕೇ ಬಿದ್ದವು. ಸಂತೋಷದಿಂದ ಒಳಗೆ ಬಂದು ತೋಟಾದ ಪೆಟ್ಟಿಗೆ ತೆರೆದಾಗ ತಿಳಿಯಿತು, ಅವೇ ಕೊನೆಯ ಎರಡು.

ಮರುದಿನ ಬೇಟೆಯ ಕಾಲ ಶುರು. ಅದೂ ಅಂತಿಂಥ ಬೇಟೆಯಲ್ಲ. ಬ್ರೇಕ್ಸ್ ಕಣಿವೆಯ ದೊಡ್ಡ ಕೊಂಬಿನ ಜಿಂಕೆಗೆ ಮೊಂಟಾನ ಸರಕಾರ ಚೀಟಿ ಎತ್ತಿ ಪರವಾನಗಿ ಕೊಡುತ್ತದೆ. ವರ್ಜಿಲ್ ಹನ್ನೊಂದು ವರ್ಷ ಅರ್ಜಿ ಹಾಕಿದ್ದ. ಈ ವರ್ಷ ಹೆಸರು ಬಂದಿತ್ತು. ಹೆಂಡತಿ ಟ್ವೈಲಾ ಮಾಂಸಕ್ಕೆಂದು ಫ್ರೀಜರನ್ನು ಅರ್ಧ ಖಾಲಿ ಮಾಡಿಟ್ಟಿದ್ದಳು.

ಆದರೂ ಅವನು ಗಾಬರಿಯಾಗಲಿಲ್ಲ. ಆರು ವರ್ಷದ ಹಿಂದೆ ಒಮ್ಮೆ ದೇಶದಲ್ಲೆಲ್ಲ ತೋಟಾಗಳಿಗೆ ಬರ ಬಂದಿತ್ತು. ಆಗ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಚರ್ಚಿನಲ್ಲಿ ಒಟ್ಟಿಗೆ ನಿಂತು ಹಾಡುವ ಇಬ್ಬರು ಗಂಡಸರು ‘ಥರ್ಟಿ ನಾಟ್ ಸಿಕ್ಸ್’ ತೋಟಾದ ಒಂದೇ ಒಂದು ಪೊಟ್ಟಣವನ್ನು ಎರಡು ಕಡೆಯಿಂದ ಹಿಡಿದು ಎಳೆದಾಡುವುದನ್ನು ವರ್ಜಿಲ್ ಕಣ್ಣಾರೆ ಕಂಡಿದ್ದ. ಅದು ಊರಿನ ಮುಕ್ಕಾಲು ಪಾಲು ಕೋವಿಗಳಿಗೆ ಹೊಂದುವ ಅಳತೆ. ತೋಟಾ ಜೋಡಿಸಿಡುವ ಹಲಗೆಯ ಮೂಲೆಯಲ್ಲಿ ‘ರಾಬರ್ಟ್ಸ್’ ಎಂಬ ಹಳೇ ಅಳತೆಯ ಪೊಟ್ಟಣಗಳು, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ಬಡ ನೆಂಟರಂತೆ, ಧೂಳು ಹಿಡಿದು ಕೂತಿದ್ದವು. ವರ್ಜಿಲನಿಗೆ ಜ್ಞಾನೋದಯವಾಯಿತು. ಎಲ್ಲರಿಗೂ ಬೇಕಾದ ಅಳತೆಗೆ ಬರ ಬರುತ್ತದೆ, ಯಾರಿಗೂ ಬೇಡದ ಅಳತೆಗೆ ಹೇಗೆ ಬಂದೀತು? ಒಳ್ಳೇ ಕೋವಿಯನ್ನು ಮಾರಿ ರಾಬರ್ಟ್ಸ್ ಅಳತೆಯ ಕೋವಿ ಕೊಂಡ. ಕೌಂಟಿಯ ರಸ್ತೆ ಸಮ ಮಾಡುವ ಯಂತ್ರ ಓಡಿಸುವುದು ಅವನ ಕೆಲಸ. ಅಂದಿನಿಂದ ಎದುರಿಗೆ ಸಿಕ್ಕವರಿಗೆಲ್ಲ ಯಂತ್ರ ನಿಲ್ಲಿಸಿ ಈ ತತ್ವ ಬೋಧಿಸುತ್ತಿದ್ದ. ಮನೆಯಲ್ಲಿ ತೋಟಾ ಕೂಡಿಡುವುದನ್ನೂ ಬಿಟ್ಟಿದ್ದ. ಅಂಗಡಿಯೇ ತನ್ನ ಕಪಾಟು ಎನ್ನುತ್ತಿದ್ದ.

ಈ ಬೇಸಿಗೆಯಲ್ಲಿ ಮತ್ತೆ ಬರ ಬಂದಿತ್ತು. ವರ್ಜಿಲ್ ಸಿಳ್ಳೆ ಹಾಕುತ್ತಾ ಪಿಕಪ್ ಹತ್ತಿದ.

ಅಂಗಡಿಯ ಮ್ಯಾಕ್ಸೀನ್ ಪ್ರುಯಿಟ್ ಎಪ್ಪತ್ತರ ವಿಧವೆ. ಗಂಡ ಓರಿನ್ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ತೋಟಾದ ಹಲಗೆ ಈ ತುದಿಯಿಂದ ಆ ತುದಿಯವರೆಗೆ ಬೋಳಾಗಿತ್ತು. ಮೂಲೆಯೂ ಬೋಳೇ.

“ರಾಬರ್ಟ್ಸ್ ಎಲ್ಲಿ?” ಎಂದ ವರ್ಜಿಲ್.

“ಎರಡು ವರ್ಷ ಆಯ್ತಪ್ಪ ಅದು ಬರೋದು ನಿಂತು. ಎಲ್ಲರೂ ಕೇಳೋದನ್ನ ಮಾಡಕ್ಕೇ ಕಾರ್ಖಾನೆಯವರಿಗೆ ಪುರಸೊತ್ತಿಲ್ಲ. ನೀನೊಬ್ಬ ಕೇಳೋದನ್ನ ಯಾವಾಗ ಮಾಡ್ತಾರೆ?”

ವರ್ಜಿಲನ ತತ್ವಕ್ಕೆ ಇದೊಂದು ಹೊಳೆದೇ ಇರಲಿಲ್ಲ. ಅವನ ಮುಖ ನೋಡಿ ಮ್ಯಾಕ್ಸೀನರಿಗೆ ಪಾಪ ಅನ್ನಿಸಿತು. ಆಗಸ್ಟಿನಲ್ಲಿ ಹಿಂದಿನ ಕೋಣೆ ಗುಡಿಸುವಾಗ ರಾಬರ್ಟ್ಸ್‌ದೇ ಒಂದು ಪೊಟ್ಟಣ ಸಿಕ್ಕಿತ್ತು, ಅದನ್ನು ಪಾದ್ರಿ ಎಲ್ಡನ್ ಫ್ರೈ ಕೊಂಡುಹೋದರು ಎಂದು ಹೇಳಿದರು.

ಪಾದ್ರಿಗಳ ಮನೆಯಲ್ಲಿ ಕೋವಿ ಇರಲಿಲ್ಲ. ಇಲಿ ಬಂದರೆ ಕುರ್ಚಿ ಹತ್ತುವ ಮನುಷ್ಯ ಅವರು. ಮತ್ತೇಕೆ ತೋಟಾ ಕೊಂಡಿರಿ ಎಂದು ವರ್ಜಿಲ್ ಕೇಳಿದ್ದಕ್ಕೆ, ಎಲ್ಲರೂ ಕೊಳ್ಳುತ್ತಿದ್ದರು, ಅಂಗಡಿಯಲ್ಲಿ ಉಳಿದದ್ದು ಅದೊಂದೇ, ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದು ನಾಚಿಕೊಂಡರು. ಆಮೇಲೆ ಅದನ್ನು ಗಸ್ ಹಾಲ್ವರ್ಸನ್‌ಗೆ ಕೊಟ್ಟು ಒಂದು ಲಾರಿ ಸೌದೆ ಹಾಕಿಸಿಕೊಂಡಿದ್ದರು. ಸೌದೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಬಂದವನು ಬಂದಿದ್ದೀಯ, ಸ್ವಲ್ಪ ಪೇರಿಸಿಕೊಟ್ಟು ಹೋಗು ಎಂದರು ಪಾದ್ರಿಗಳು. ದೇವರ ಮನುಷ್ಯನಿಗೆ ಇಲ್ಲ ಅನ್ನುವುದು ಹೇಗೆ? ಸ್ವಲ್ಪ ಅಂದದ್ದು ಎರಡು ಗಂಟೆಯಾಯಿತು. ಅಷ್ಟು ಹೊತ್ತೂ ಪಾದ್ರಿಗಳು ಮೆಟ್ಟಿಲ ಮೇಲೆ ಕೂತು ತಾಳ್ಮೆಯ ವಿಷಯವಾಗಿ ಮಾತಾಡಿದರು.

ಗಸ್ ಹಾಲ್ವರ್ಸನ್ ವರ್ಜಿಲನ ನೆರೆಮನೆಯವನೇ. ಆರು ವರ್ಷದಿಂದ ರಾಬರ್ಟ್ಸ್ ತತ್ವವನ್ನು ಬೇಲಿಯ ಆಚೆಯಿಂದ ಕೇಳಿ ಕೇಳಿ ಸಾಕಾದವನು. ವರ್ಜಿಲನ ಬಟ್ಟೆಯ ತುಂಬ ಸೌದೆಯ ಸಿಪ್ಪೆ ನೋಡಿ ಅವನಿಗೆ ಅರ್ಧ ಕತೆ ಅರ್ಥವಾಗಿಹೋಯಿತು. ಆ ಪೊಟ್ಟಣ ಈಗ ತನ್ನಲ್ಲಿಲ್ಲ, ಯಾರಲ್ಲಿದೆ ಎಂದು ಬಲ್ಲೆ ಎಂದ.

“ಒಂದೇ ಒಂದು ಮಾತು ಹೇಳು, ಹೆಸರು ಹೇಳ್ತೀನಿ. ‘ಗಸ್, ನನ್ನ ಲೆಕ್ಕ ತಪ್ಪಾಯ್ತು’ ಅನ್ನು. ಸಾಕು.”

ವರ್ಜಿಲ್ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಕೊನೆಗೆ, “ನನ್ನ ಮರ ಕೊಯ್ಯೋ ಗರಗಸದ ಯಂತ್ರ ತಗೊಂಡ್ಹೋಗು. ಚಳಿಗಾಲ ಮುಗಿಯೋವರೆಗೂ ಇಟ್ಕೋ” ಎಂದ.

ಗಸ್ ಯಂತ್ರವನ್ನು ಆಗಲೇ ತರಿಸಿಕೊಂಡು, ಎಣ್ಣೆ ತುಂಬಿದೆಯೋ ನೋಡಿ, ಆಮೇಲೆ ಹೆಸರು ಹೇಳಿದ. ಅಂಚೆ ಕಚೇರಿಯ ಬರ್ನಡೆಟ್ ಕೂಲ್. ಅವಳು ಹಿಮದ ಮೇಲೆ ಓಡಿಸುವ ನಾಲ್ಕು ಟೈರು ಕೊಟ್ಟು ಪೊಟ್ಟಣ ಒಯ್ದಿದ್ದಳು. ಅವಳ ಮನೆಯಲ್ಲಿ ಯಾವ ಕೋವಿ ಇದೆ ಎಂದು ವರ್ಜಿಲ್ ಕೇಳಿದ.

“ಕೋವಿ ಯಾಕೆ? ಅದನ್ನ ಹಾರಿಸ್ತಾರಾ ಯಾರಾದ್ರೂ? ಇಡೀ ಕೌಂಟಿಗೆ ಅದೊಂದೇ ಪೊಟ್ಟಣ ಉಳಿದಿರೋದು” ಎಂದ ಗಸ್.

ಅಂಚೆ ಕಚೇರಿ ಸೇರುವಾಗ ಗಂಟೆ ನಾಲ್ಕಾಗಿತ್ತು. ಬರ್ನಡೆಟ್ ಪೊಟ್ಟಣವನ್ನು ಕಿಟಕಿಯ ಹಿಂದೆ, ಬಾವುಟದ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದಳು. ಹಳದಿ ರಟ್ಟು, ಎರಡೂ ತುದಿಗೆ ಅಂಟುಪಟ್ಟಿ ಹಾಗೇ ಇತ್ತು. ಕಳೆದ ವಾರ ಇದಕ್ಕೆ ಹಾಲು ಕೊಡುವ ಮೇಕೆ ಕೊಡುತ್ತೇನೆಂದು ಒಬ್ಬ ಬಂದಿದ್ದ, ತಾನು ಒಪ್ಪಲಿಲ್ಲ ಎಂದಳು. ವರ್ಜಿಲ್ ಚೌಕಾಶಿಗೆ ನಿಂತ. ಬರ್ನಡೆಟ್ ಅಂಚೆ ಚೀಟಿ ಅಂಟಿಸುತ್ತಲೇ ಇದ್ದಳು. ನಾಳೆ ಬೇಟೆ ಯಾರದು ಎಂದು ಅವಳಿಗೆ ಗೊತ್ತಿತ್ತು. ಪರವಾನಗಿಯ ಲಕೋಟೆಯನ್ನು ಅವನ ಕೈಗೆ ಕೊಟ್ಟವಳೇ ಅವಳು.

ಕೊನೆಗೆ, ಕೆರೆ ಹೆಪ್ಪುಗಟ್ಟಿದಾಗ ಮೀನು ಹಿಡಿಯಲು ಹಿಮಗಡ್ಡೆಗೆ ತೂತು ಕೊರೆಯುವ ಯಂತ್ರವನ್ನು, ಹೋದ ವರ್ಷ ಟ್ವೈಲಾ ಹುಟ್ಟುಹಬ್ಬಕ್ಕೆ ಕೊಟ್ಟದ್ದನ್ನು, ವರ್ಜಿಲ್ ಬಿಟ್ಟುಕೊಟ್ಟ. ಜತೆಗೆ ಚಳಿಗಾಲ ಪೂರ್ತಿ ಅಂಚೆ ಕಚೇರಿಯ ಮುಂದಿನ ಹಿಮ ತೋಡಿ ಹಾಕುವುದಾಗಿ ಒಂದು ಕಾಗದದ ಮೇಲೆ ಸಹಿ ಮಾಡಿದ. ಬರ್ನಡೆಟ್ ಅದಕ್ಕೆ ಅಂಚೆಯ ಮುದ್ರೆ ಒತ್ತಿದಳು.

ಪೊಟ್ಟಣ ಕೈಯಲ್ಲಿ ಒಳ್ಳೇ ಭಾರವಾಗಿತ್ತು. ಮನೆಗೆ ಬಂದವನು ಅದನ್ನು ಊಟದ ಮೇಜಿನ ಮೇಲಿಟ್ಟು, ಕಡೆಗೂ ತನ್ನ ಮಾತೇ ನಿಂತಿತು ನೋಡು, ಅವರೆಲ್ಲ ಬರಿಗೈಲಿ ಕೂತಿದ್ದಾರೆ, ನನಗೆ ಇಪ್ಪತ್ತು ತೋಟಾ ಇದೆ ಎಂದು ಟ್ವೈಲಾಗೆ ಹೇಳಿದ. ಟ್ವೈಲಾ ತಾನು ಕೊಟ್ಟ ಕೊರೆಯುವ ಯಂತ್ರ ಎಲ್ಲಿ ಎಂದು ಕೇಳಿದಳು. ಅವನು ಕೇಳಿಸದವನಂತೆ ಅಂಟುಪಟ್ಟಿ ಕಿತ್ತ.

ಒಳಗೆ ಗುಂಡುಗಳೇ ಇದ್ದವು. ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳು. ನೆಲಗಡಲೆಯಷ್ಟು ದಪ್ಪದವು, ಹಳೇ ಪತ್ರಿಕೆಯ ಚೂರಿನಲ್ಲಿ ಸುತ್ತಿದ್ದವು, ನಲವತ್ತೋ ಐವತ್ತೋ. ಆಗಸ್ಟಿನಿಂದ ಊರೆಲ್ಲ ಸುತ್ತಿದ ಆ ಪೊಟ್ಟಣವನ್ನು ಒಬ್ಬರೂ ಬಿಚ್ಚಿ ನೋಡಿರಲಿಲ್ಲ. ನೋಡುವ ಅಗತ್ಯ ಇದ್ದದ್ದು ವರ್ಜಿಲ್ ಒಬ್ಬನಿಗೇ.

ಟ್ವೈಲಾ ನಗಲಿಲ್ಲ. ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಅವಳ ಭುಜಗಳು ಮಾತ್ರ ಬಹಳ ಹೊತ್ತು ಅಲುಗುತ್ತಿದ್ದವು.

ವರ್ಜಿಲ್ ಪೊಟ್ಟಣ ಹಿಡಿದು ನೇರ ಅಂಗಡಿಗೆ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮ್ಯಾಕ್ಸೀನ್ ಪಾದ್ರಿಗಳಿಗೆ ಲೆಕ್ಕ ಚುಕ್ತಾ ಮಾಡಲಿ, ಪಾದ್ರಿಗಳು ಗಸ್‌ನಿಗೆ, ಗಸ್ ಬರ್ನಡೆಟ್‌ಗೆ, ಕೊನೆಗೆ ಗರಗಸ, ಕೊರೆಯುವ ಯಂತ್ರ, ಸಹಿ ಹಾಕಿದ ಕಾಗದ ಎಲ್ಲ ಹಿಂದಕ್ಕೆ ಬರಲಿ. ಬೇಟೆಯ ಹಿಂದಿನ ಸಂಜೆ ಊರಿಗೆ ಊರೇ ಅಂಗಡಿಯಲ್ಲಿ ಸೇರುವ ವಾಡಿಕೆ. ಪಾದ್ರಿಗಳು, ಗಸ್, ಬರ್ನಡೆಟ್ ಮೂವರೂ ಅಲ್ಲೇ ಕಾಫಿ ಕುಡಿಯುತ್ತಾ ನಿಂತಿದ್ದರು. ಇನ್ನೂ ಒಳ್ಳೆಯದಾಯಿತು ಎಂದುಕೊಂಡು ವರ್ಜಿಲ್ ಪೊಟ್ಟಣವನ್ನು ಗಲ್ಲಾದ ಮೇಲೆ ಬೋರಲು ಹಾಕಿದ. ಸೀಸದ ಗುಂಡುಗಳು ಸದ್ದು ಮಾಡುತ್ತಾ ಉರುಳಿದವು.

ಮ್ಯಾಕ್ಸೀನ್ ಒಂದನ್ನು ಎತ್ತಿಕೊಂಡು ಕನ್ನಡಕದ ಹತ್ತಿರ ಹಿಡಿದರು. ಆಮೇಲೆ ನಿಧಾನವಾಗಿ ಸ್ಟೂಲಿನ ಮೇಲೆ ಕೂತರು.

“ಇದು ಓರಿನ್ ಕೈಯಾರೆ ಎರಕ ಹೊಯ್ದದ್ದು. ಅಡ್ಡ ಗೆರೆ ಹಾಕಿದ್ದಾನೆ ನೋಡಿ, ಅವನ ಗುರುತು. ಆಸ್ಪತ್ರೆಗೆ ಹೋಗೋ ಹಿಂದಿನ ವಾರ ಮಾಡಿದ್ದು. ಮೂರು ವರ್ಷ ಹುಡುಕಿದೀನಿ ನಾನು ಇದನ್ನ. ತೋಟಾದ ಖಾಲಿ ಪೊಟ್ಟಣದಲ್ಲಿ ತುಂಬಿಟ್ಟಿದಾನೆ ಅಂತ ಯಾರಿಗೆ ಗೊತ್ತು? ಕಸದ ಜತೆ ಹೋಯ್ತು ಅಂತಿದ್ದೆ.” ಅವರು ಮೂಗು ಒರೆಸಿಕೊಂಡು ವರ್ಜಿಲನ ಕೈ ಹಿಡಿದುಕೊಂಡರು. “ಬೆಳಿಗ್ಗೆಯಿಂದ ಊರೆಲ್ಲ ಅಲೆದು ಇದನ್ನ ನನಗೆ ತಂದುಕೊಟ್ಟೆಯಲ್ಲ.”

ವರ್ಜಿಲ್ ಜೋಡಿಸಿಕೊಂಡಿದ್ದ ಮಾತಿನಲ್ಲಿ ಈ ಕೈಗೆ ಜಾಗವಿರಲಿಲ್ಲ. ಅದು ಸಣ್ಣದು, ತಣ್ಣಗಿತ್ತು, ಬಿಡುತ್ತಲೂ ಇರಲಿಲ್ಲ. ಅವನು ಏನೋ ಹೇಳಲು ಹೋಗಿ, ಪರವಾಗಿಲ್ಲ ಎಂದ.

ಪಾದ್ರಿಗಳು ಟೋಪಿ ತೆಗೆದರು. ಬೇಟೆಯ ಹಿಂದಿನ ದಿನ, ತನ್ನ ಸಾಮಾನುಗಳನ್ನೆಲ್ಲ ಕೊಟ್ಟು ಒಬ್ಬ ವಿಧವೆಯ ನೆನಪನ್ನು ಬಿಡಿಸಿ ತಂದವನನ್ನು ತಾನು ಇದುವರೆಗೆ ಕಂಡಿಲ್ಲ ಎಂದರು. ಭಾನುವಾರದ ಪ್ರವಚನ ಇದರ ಮೇಲೆಯೇ ಎಂದೂ, ವರ್ಜಿಲ್ ಮುಂದಿನ ಸಾಲಿನಲ್ಲಿ ಕೂರಬೇಕೆಂದೂ ಹೇಳಿದರು. ಬರ್ನಡೆಟ್ ಕಣ್ಣೊರೆಸಿಕೊಂಡು, ಮೊದಲೇ ಹೇಳಿದ್ದರೆ ಕೊರೆಯುವ ಯಂತ್ರ ಕೇಳುತ್ತಲೇ ಇರಲಿಲ್ಲ ಎಂದಳು. ವರ್ಜಿಲನ ಮುಖ ಅರಳಿತು. ಆದರೆ ಈಗ ಹಿಂದಕ್ಕೆ ಕೊಟ್ಟರೆ ಇಂಥ ದೊಡ್ಡ ಕೆಲಸಕ್ಕೆ ಅವಮಾನ ಮಾಡಿದಂತೆ, ಎಂದು ಅವಳೇ ಮಾತು ಮುಗಿಸಿದಳು. ಎಲ್ಲರೂ ಹೌದು ಹೌದು ಅಂದರು.

ಗಸ್ ಹತ್ತಿರ ಬಂದು, ಲೋಟಕ್ಕೆ ಕಾಫಿ ಬಗ್ಗಿಸಿ ವರ್ಜಿಲನ ಕೈಗಿಟ್ಟ. “ನಿನ್ನಂಥ ಒಳ್ಳೆಯವನು ಪಕ್ಕದ ಮನೇಲಿರೋದು ನನ್ನ ಪುಣ್ಯ ಕಣೋ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನ ಮೀಸೆ ನಡುಗುತ್ತಿತ್ತು.

ವರ್ಜಿಲ್ ಮನೆ ಸೇರಿದಾಗ ಟ್ವೈಲಾ ಬಾಗಿಲಲ್ಲೇ ನಿಂತಿದ್ದಳು. “ಏನಾಯ್ತು? ಗುಂಡು ಸಿಕ್ತಾ?” ಎಂದು ಕೇಳಿದಳು.

ಅವನು ಬೂಟು ಬಿಚ್ಚಿ ಬದಿಗಿಟ್ಟ.

“ಟೈ ಇಸ್ತ್ರಿ ಮಾಡಿಡು. ಭಾನುವಾರ ಚರ್ಚಿಗೆ ಹೋಗ್ಬೇಕು” ಎಂದ.